ಖೊಡದ್ ಬಯಲಿನ ಲಿನಕ್ಸ್ ಯಂತ್ರಗಳು

ಪುಣೆಯಿಂದ ನಾಸಿಕದ ಹೆದ್ದಾರಿ ಹಿಡಿದು ಸುಮಾರು 80 ಕಿ.ಮೀ. ಉತ್ತರಕ್ಕೆ ಹೋದರೆ ನಾರಾಯಣಗಾಂವ್, ಅಲ್ಲಿಂದ ಒಳದಾರಿಯಲ್ಲಿ ಖೊಡದ್. ಹೊಲಗಳ ನಡುವೆ 45 ಮೀಟರ್ ಅಗಲದ ಜಾಲರಿ ಬುಟ್ಟಿಗಳು ಆಕಾಶಕ್ಕೆ ಮುಖಮಾಡಿ ನಿಂತಿವೆ. ಇದು ಗೋವಿಂದ ಸ್ವರೂಪ್ ಕಟ್ಟಿಸಿದ ರೇಡಿಯೋ ದೂರದರ್ಶಕ, ಜಿಎಂಆರ್‌ಟಿ. ಉಕ್ಕಿನ ತಂತಿಗಳನ್ನು ಬಿಗಿದು ಅದರ ಮೇಲೆ ಜಾಲರಿ ಹೊದಿಸಿ ಅಗ್ಗದಲ್ಲಿ ತಟ್ಟೆ ಮಾಡಿದ ಅವರ ಜಾಣ್ಮೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ತಟ್ಟೆಗಳ ಹಿಂದಿನ ಕೋಣೆಯಲ್ಲಿ ನಡೆದದ್ದು ಅಷ್ಟು ಸುದ್ದಿಯಾಗಲಿಲ್ಲ.

ಒಟ್ಟು 30 ಆಂಟೆನಾಗಳು. ಪ್ರತಿಯೊಂದರ ಸಂಕೇತವನ್ನೂ ಉಳಿದೆಲ್ಲದರ ಸಂಕೇತದೊಡನೆ ಹೋಲಿಸಬೇಕು. ಅಂಥ ಜೋಡಿಗಳು 435. ಮೊದಲು ಈ ಕೆಲಸಕ್ಕೆ ಅದಕ್ಕೆಂದೇ ಮಾಡಿದ ಚಿಪ್‌ಗಳ ಯಂತ್ರವಿತ್ತು. ಜಯಂತ ರಾಯ್, ಯಶವಂತ ಗುಪ್ತಾ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಬಂಧ ಬೇರೆಯದೇ ದಾರಿಯನ್ನು ವಿವರಿಸಿತು: ಪೇಟೆಯಲ್ಲಿ ಸಿಗುವ ಬಿಡಿಭಾಗಗಳು, 48 ಲಿನಕ್ಸ್ ಕಂಪ್ಯೂಟರುಗಳು, ಅವುಗಳ ನಡುವೆ ಜೋಡಿ ಗಿಗಾಬಿಟ್ ಜಾಲ. 32 ಆಂಟೆನಾಗಳಿಗೆ ಆಗುವಷ್ಟು ವ್ಯವಸ್ಥೆ, ಒಂದೊಂದಕ್ಕೆ ಎರಡು ಧ್ರುವೀಕರಣ, 33 ಮೆಗಾಹರ್ಟ್ಸ್ ಪಟ್ಟಿ. ಲೆಕ್ಕ ಹಾಕಿದರೆ ಸೆಕೆಂಡಿಗೆ 422 ಕೋಟಿ ಮಾದರಿಗಳು. ಇಷ್ಟನ್ನೂ ಆಗಿಂದಾಗಲೇ ಅರೆಯಬೇಕು.

ಚಿಪ್ ಯಂತ್ರ ಒಮ್ಮೆ ಕೂತರೆ ಹಾಗೇ ಇರುತ್ತದೆ. ಲಿನಕ್ಸ್ ಹಾಗಲ್ಲ, ಅದರ ಕರ್ನೆಲ್ ಎರಡು ಮೂರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಆ ಬದಲಾವಣೆಯ ಏಟು ನೇರ ಬೀಳುವ ಜಾಗಗಳಲ್ಲಿ ನೆಟ್‌ವರ್ಕ್ ಡ್ರೈವರ್ ಒಂದು.

ಗಿಗಾಬಿಟ್ ತಂತಿ ತುಂಬಿ ಹರಿದರೆ, ಸಾಮಾನ್ಯ ಅಳತೆಯ ಪೊಟ್ಟಣಗಳು ಸೆಕೆಂಡಿಗೆ 80 ಸಾವಿರದಷ್ಟು ಬರುತ್ತವೆ. ಹಳೆಯ ಡ್ರೈವರುಗಳಲ್ಲಿ ಕಾರ್ಡು ಒಂದೊಂದು ಪೊಟ್ಟಣಕ್ಕೂ ಪ್ರೊಸೆಸರಿನ ಕದ ತಟ್ಟುತ್ತಿತ್ತು. ಪ್ರತಿ ಕಾಗದಕ್ಕೂ ಅಂಚೆಯವನು ಬಾಗಿಲು ಬಡಿದರೆ ಮನೆಯವರು ಅಡುಗೆ ಮಾಡುವುದು ಯಾವಾಗ? 2.4ರ ಸರಣಿಯ ಕಾಲದಲ್ಲಿ ಬಂದ ‘ನಾಪಿ’ ಎಂಬ ಪದ್ಧತಿಯಲ್ಲಿ ಒಮ್ಮೆ ಕದ ತಟ್ಟಿದ ಮೇಲೆ ಕರ್ನೆಲ್ಲೇ ಹೋಗಿ ರಾಶಿಯನ್ನು ಎತ್ತಿಕೊಂಡು ಬರುತ್ತದೆ. 2008ರ ಜನವರಿಯ 2.6.24ರಲ್ಲಿ ಅದೇ ನಾಪಿಯ ಒಳಕಟ್ಟು ಬದಲಾಯಿತು. ಕರ್ನೆಲ್ಲಿನೊಳಗಿದ್ದ ಡ್ರೈವರುಗಳನ್ನು ಜೊತೆಯಲ್ಲೇ ತಿದ್ದಿದರು. ಹೊರಗೆ ಕಾಪಾಡಿಕೊಂಡು ಬಂದವನ್ನು ಅವುಗಳ ಒಡೆಯರೇ ತಿದ್ದಿಕೊಳ್ಳಬೇಕಾಯಿತು.

ಅದಾದರೂ ಕಂಪೈಲ್ ಆಗದೆ ಕೂಗಿ ಹೇಳುವ ತೊಂದರೆ. ಸುಮ್ಮನಿರುವ ತೊಂದರೆಗಳು ಹೆಚ್ಚು ಕೆಟ್ಟವು. 2.4ರಲ್ಲಿ ಡ್ರೈವರಿನ ಆಯ್ಕೆಗಳನ್ನು ‘ಮಾಡ್ಯೂಲ್ಸ್.ಕಾನ್ಫ್’ ಕಡತದಲ್ಲಿ ಬರೆಯುತ್ತಿದ್ದರು. 2003ರ ಡಿಸೆಂಬರಿನ 2.6ರೊಡನೆ ಅದರ ಜಾಗಕ್ಕೆ ‘ಮಾಡ್‌ಪ್ರೋಬ್.ಕಾನ್ಫ್’ ಬಂತು, ಮುಂದೆ ಅದೂ ಒಡೆದು ಒಂದು ಫೋಲ್ಡರಾಯಿತು. ಹಳೆಯ ಕಡತ ಡಿಸ್ಕಿನಲ್ಲಿ ಹಾಗೇ ಉಳಿಯುತ್ತದೆ. ಯಾರಾದರೂ ಅದನ್ನೇ ತಿದ್ದಿದರೆ ಯಂತ್ರ ಆಕ್ಷೇಪಿಸುವುದಿಲ್ಲ, ಓದುವುದೂ ಇಲ್ಲ. ಇಂಟೆಲ್‌ನ ಇ-1000 ಡ್ರೈವರಿನಲ್ಲಿ ಮಾಡ್ಯೂಲ್ ಆಯ್ಕೆಯಾಗಿದ್ದ ಬಫರ್ ಸಂಖ್ಯೆಯಂಥವನ್ನು ಆಮೇಲೆ ‘ಎಥ್‌ಟೂಲ್’ ಆಜ್ಞೆಯಿಂದ ಕೊಡುವುದೇ ರೂಢಿಯಾಯಿತು. 2013ರಲ್ಲಿ ಸಿಸ್ಟಮ್‌ಡಿ ಕಾರ್ಡುಗಳ ಹೆಸರನ್ನೇ ಬದಲಿಸಿತು. ‘ಈಥ್0’ ಎಂದು ಬರೆದಿಟ್ಟ ಸ್ಕ್ರಿಪ್ಟುಗಳು ಇಲ್ಲದ ಕಾರ್ಡನ್ನು ಹುಡುಕತೊಡಗಿದವು. ಎರಡೆರಡು ಜಾಲಗಳಿರುವ ಕ್ಲಸ್ಟರಿನಲ್ಲಿ ಯಾವ ಹೆಸರು ಯಾವ ತಂತಿಗೆ ಎಂಬುದೇ ಒಂದು ಪಂಚಾಯ್ತಿ.

ಮೇಲ್ದರ್ಜೆಗೇರಿದ ಜಿಎಂಆರ್‌ಟಿ 400 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಹಿಡಿಯುತ್ತದೆ. ಅಲ್ಲಿ ಎಫ್‌ಪಿಜಿಎ ಫಲಕಗಳು 10 ಗಿಗಾಬಿಟ್ ಈಥರ್ನೆಟ್ ಮೂಲಕ ಜಿಪಿಯು ಇರುವ ಕಂಪ್ಯೂಟರುಗಳಿಗೆ ದತ್ತಾಂಶ ಸುರಿಯುತ್ತವೆ. ಲಿನಕ್ಸ್ ಬಹುಕಾಲ ಒಂದು ಸಾಕೆಟ್ಟಿಗೆ ತಾನಾಗಿ ಕೊಡುತ್ತಿದ್ದ ಬಫರಿನ ಮಿತಿ 2,12,992 ಬೈಟ್. 10 ಗಿಗಾಬಿಟ್ ವೇಗದಲ್ಲಿ ಅದು ತುಂಬಲು ಒಂದು ಮಿಲಿಸೆಕೆಂಡಿನ ಐದನೇ ಒಂದು ಪಾಲೂ ಬೇಡ. ಪ್ರೊಸೆಸರ್ ಅಷ್ಟು ಹೊತ್ತು ಬೇರೆಡೆ ನೋಡಿದರೂ ಮುಂದಿನ ಪೊಟ್ಟಣ ನೆಲಕ್ಕೆ. ಒಂದು ಆಂಟೆನಾದ ತುಣುಕು ಕಳೆದು ಸಾಲು ತಪ್ಪಿದರೆ, ಅದು ಸೇರಿದ 29 ಜೋಡಿಗಳೂ ಆ ಗಳಿಗೆಗೆ ಕೆಡುತ್ತವೆ. ಪಲ್ಸಾರಿನ ಆ ಮಿಡಿತವನ್ನು ಮತ್ತೆ ಕಳಿಸೆಂದು ಕೇಳುವಂತಿಲ್ಲ.

ಆದ್ದರಿಂದ ಇಂಥ ಕ್ಲಸ್ಟರುಗಳಲ್ಲಿ ಹೊಸ ಕರ್ನೆಲ್ ಏರಿಸಿದ ದಿನ ಮೊದಲು ತೆರೆಯಬೇಕಾದ್ದು ಆಕಾಶದ ಚಿತ್ರವನ್ನಲ್ಲ, ಜಾಲದ ಅಂಕಿಗಳ ಉದ್ದದ ಪಟ್ಟಿಯನ್ನು. ಅದರಲ್ಲಿ ಬಿದ್ದುಹೋದ ಪೊಟ್ಟಣಗಳ ಸಾಲು ಸೊನ್ನೆಯಲ್ಲೇ ನಿಂತಿದೆಯೇ ಎಂದು ನೋಡಿ, ಆಮೇಲೆ ಆಂಟೆನಾ ತಿರುಗಿಸಬೇಕು.