ಆತಕೂರಿನ ಕಾಳಿ: ರಾಜನ ಹತ್ತಿರ ನಾಯಿ ಕೇಳಿದವನ ಕಥೆ

ಮದ್ದೂರು ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ವಡೆ. ಮಂಡ್ಯ ಅಂದ್ರೆ ಕಬ್ಬು, ಬೆಲ್ಲ. ಮಳವಳ್ಳಿ ಅಂದ್ರೆ ಗಗನಚುಕ್ಕಿ ಜಲಪಾತ. ನನಗೆ ಮಾತ್ರ ಈ ಸೀಮೆ ಅಂದ ಕೂಡಲೇ ನೆನಪಾಗೋದು ಒಂದು ನಾಯಿ. ಅದು ಸತ್ತು ಸಾವಿರ ವರ್ಷದ ಮೇಲಾಯಿತು. ಅದರ ಹೆಸರು ಕಾಳಿ.

ಈಗ ನಮ್ಮ ಕಡೆ ದೊಡ್ಡ ಜಾತಿಯ ನಾಯಿಮರಿ ತರುವ ಹುಚ್ಚು ಜೋರಾಗಿದೆ. ಮಂಡ್ಯದ ಬಡಾವಣೆಗಳಲ್ಲಿ ನೋಡಿದರೆ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ, ಆ ಮನೆಯ ಗೇಟಿನ ಹಿಂದೆ ರಾಟ್‌ವೀಲರ್ ಅಥವಾ ಲ್ಯಾಬ್ರಡಾರ್. ಮಳವಳ್ಳಿ ಕಡೆಯ ತೋಟದ ಮನೆಗಳಲ್ಲಿ ಜರ್ಮನ್ ಶೆಫರ್ಡ್, ಮುಧೋಳ. ಮರಿ ತಂದ ದಿನ ಮನೆಯವರ ಸಂಭ್ರಮ ಕೇಳಬೇಡಿ! ಈ ಸಂಭ್ರಮ ಹೊಸದೇನಲ್ಲ. ಹೀಗೆ ಆಸೆಪಟ್ಟು ಒಂದು ದೊಡ್ಡ ನಾಯಿಯನ್ನು ಮನೆಗೆ ತಂದವನೊಬ್ಬನ ದಾಖಲೆ ನಮ್ಮದೇ ಮದ್ದೂರು ತಾಲ್ಲೂಕಿನಲ್ಲಿ ಸಿಕ್ಕಿದೆ, ಅದೂ ಕಲ್ಲಿನ ಮೇಲೆ. ಅವನು ತಂದದ್ದು ಮರಿಯನ್ನಲ್ಲ, ಬೆಳೆದ ಬೇಟೆನಾಯಿಯನ್ನು. ತಂದದ್ದು ಸಂತೆಯಿಂದಲೂ ಅಲ್ಲ, ಚಕ್ರವರ್ತಿಯ ಕೈಯಿಂದ.

ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿ ಗೊತ್ತಿರಬಹುದು. ಶಾಸನದಲ್ಲಿ ಆ ಊರು ಅತುಕೂರು. ಇತಿಹಾಸದ ಪುಸ್ತಕಗಳಲ್ಲಿ ಆತಕೂರು ಅಂತ ಬರೆಯುತ್ತಾರೆ. ಅಲ್ಲಿನ ಚಲ್ಲೇಶ್ವರ ದೇವಸ್ಥಾನದ ಮುಂದೆ ಇದ್ದ ಕಲ್ಲು ಇದು. ಬಿ.ಎಲ್. ರೈಸ್ ಇದನ್ನು 1894ರ ಎಪಿಗ್ರಾಫಿಯಾ ಕರ್ನಾಟಿಕಾ ಮೂರನೇ ಸಂಪುಟದಲ್ಲಿ ಸೇರಿಸಿದರು. ಮಂಡ್ಯ ಆಗ ಇನ್ನೂ ಜಿಲ್ಲೆ ಆಗಿರಲಿಲ್ಲ. ಮೈಸೂರು ಜಿಲ್ಲೆಯಿಂದ ಅದು ಬೇರೆಯಾದದ್ದು 1939ರಲ್ಲಿ. ಜೆ.ಎಫ್. ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ಇದರ ಮೇಲೆ ಉದ್ದಕ್ಕೆ ಬರೆದರು. ಆಮೇಲೆ ಕಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿತು. ಒಂದು ನಾಯಿ, ಒಂದು ಹಂದಿ ಎದುರುಬದುರಾಗಿ ಕಾದಾಡುತ್ತಿರುವ ಕೆತ್ತನೆ, ಜೊತೆಗೆ ಹಳಗನ್ನಡದ ಸಾಲುಗಳು. ಶಾಲೆ ಮಕ್ಕಳು ಅದರ ಮುಂದೆ ಒಂದು ನಿಮಿಷವೂ ನಿಲ್ಲದೆ ಮುಂದೆ ಓಡುವುದನ್ನು ನಾನು ನೋಡಿದ್ದೇನೆ. ಅವರ ತಪ್ಪಲ್ಲ ಬಿಡಿ, ಹಳಗನ್ನಡ ಓದಿ ಹೇಳುವವರು ಯಾರು?

ಕಲ್ಲು ತನ್ನ ಕಾಲವನ್ನು ತಾನೇ ಹೇಳುತ್ತದೆ. ಶಕವರ್ಷ 872, ಸೌಮ್ಯ ಸಂವತ್ಸರ. ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ ಆಗ ಚಕ್ರವರ್ತಿ. ಶಾಸನ ಅವನನ್ನು ಕನ್ನರದೇವ ಅನ್ನುತ್ತದೆ. ನಮ್ಮ ಗಂಗವಾಡಿಯನ್ನು ಆಳುತ್ತಿದ್ದವನು ಗಂಗರ ಇಮ್ಮಡಿ ಬೂತುಗ. ಕೃಷ್ಣನ ಅಕ್ಕ ರೇವಕನಿಮ್ಮಡಿಯನ್ನು ಮದುವೆಯಾದವನು, ಆದ್ದರಿಂದ ವರಸೆಯಲ್ಲಿ ಭಾವ. ಈ ಭಾವ ಮೈದುನ ಇಬ್ಬರೂ ಸೇರಿ ಚೋಳರ ಮೇಲೆ ದಂಡೆತ್ತಿ ಹೋದರು. ಈಗಿನ ತಮಿಳುನಾಡಿನ ಅರಕ್ಕೋಣಂ ಹತ್ತಿರದ ತಕ್ಕೋಲದಲ್ಲಿ ದೊಡ್ಡ ಯುದ್ಧ ಆಯಿತು. ಚೋಳ ಪರಾಂತಕನ ಮಗ, ಯುವರಾಜ ರಾಜಾದಿತ್ಯ ಅಲ್ಲಿ ಸತ್ತ.

ರಾಜಾದಿತ್ಯ ಆನೆಯ ಮೇಲೆ ಕೂತೇ ಸತ್ತ ಅನ್ನೋದನ್ನು ಚೋಳರೂ ಒಪ್ಪುತ್ತಾರೆ. ಅವರ ಶಾಸನಗಳಲ್ಲಿ ಅವನಿಗೆ 'ಆನೆಯ ಮೇಲೆ ಮಡಿದ ದೇವರು' ಎಂಬ ಅರ್ಥದ ಬಿರುದೇ ಇದೆ. ಅವರ ಲೈಡನ್ ತಾಮ್ರಪಟಗಳ ಪ್ರಕಾರ ಕೃಷ್ಣನ ಬಾಣ ಎದೆಗೆ ನಾಟಿ ಸತ್ತ. ಆತಕೂರಿನ ಕಲ್ಲು ಹೇಳುವುದೇ ಬೇರೆ. ಬೂತುಗ ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಕಠಾರಿಯಿಂದ ಇರಿದು ಕೊಂದ ಅನ್ನುತ್ತದೆ. ಅದಕ್ಕೆ ಮೆಚ್ಚಿ ಕೃಷ್ಣ ಅವನಿಗೆ ಬನವಾಸಿ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಕೊಟ್ಟ. ಹೆಚ್ಚು ಕಡಿಮೆ ಅರ್ಧ ಕರ್ನಾಟಕ!

ಇಲ್ಲಿ ಒಂದು ತಮಾಷೆ ನೋಡಿ. ದಕ್ಷಿಣ ಭಾರತದ ಇತಿಹಾಸದಲ್ಲಿ ತಕ್ಕೋಲ ಯುದ್ಧ ಚಿಕ್ಕ ವಿಷಯವಲ್ಲ. ಚೋಳರು ಮತ್ತೆ ಚೇತರಿಸಿಕೊಳ್ಳಲು ಹಲವು ದಶಕ ಬೇಕಾಯಿತು. ಅಂಥ ಯುದ್ಧದಲ್ಲಿ ಯುವರಾಜನನ್ನು ಕೊಂದವರು ಯಾರು ಅಂತ ತಿಳಿಯಲು ಇತಿಹಾಸಕಾರರು ಓದುವುದು ಒಂದು ನಾಯಿಯ ಸಮಾಧಿ ಕಲ್ಲನ್ನು. ನಾಯಿ ಸಾಯದೇ ಇದ್ದಿದ್ದರೆ ಕಲ್ಲಿಲ್ಲ. ಕಲ್ಲಿಲ್ಲದಿದ್ದರೆ ಈ ವಿವರ ಇಲ್ಲ :-)

ಸರಿ, ನಾಯಿ ಎಲ್ಲಿಂದ ಬಂತು? ಬೂತುಗನ ಕೈಕೆಳಗೆ ಮಣಲೆರ ಅಂತ ಒಬ್ಬ ವೀರ ಇದ್ದ. ಸಗರ ವಂಶದವನು, ವಲಭಿಯ ಒಡೆಯ ಅನ್ನುವ ಬಿರುದು ಇದ್ದವನು. ತಕ್ಕೋಲದಲ್ಲಿ ಅವನು ತೋರಿದ ಪರಾಕ್ರಮ ಕಂಡು ಕನ್ನರದೇವ ಮೆಚ್ಚಿ 'ಬೇಡಿಕೋ' ಅಂದ.

ಇಲ್ಲಿ ಸ್ವಲ್ಪ ನಿಲ್ಲೋಣ. ಅರ್ಧ ದಕ್ಷಿಣ ಭಾರತ ಗೆದ್ದ ಚಕ್ರವರ್ತಿ, ಗೆದ್ದ ಖುಷಿಯಲ್ಲಿ, ಬೇಡಿಕೋ ಅಂತಾನೆ. ನಾವಾಗಿದ್ದರೆ ಏನು ಕೇಳುತ್ತಿದ್ದೆವು? ಪಕ್ಕದಲ್ಲೇ ಬೂತುಗನಿಗೆ ಸಾವಿರಗಟ್ಟಲೆ ಊರುಗಳ ನಾಡು ಸಿಗುತ್ತಿದೆ. ಚಿನ್ನ ಕೇಳಬಹುದಿತ್ತು, ಕುದುರೆ ಕೇಳಬಹುದಿತ್ತು, ಆನೆ ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ದಯಪಾಲಿಸು ಅಂತ ಬೇಡಿ ಪಡೆದುಕೊಂಡ.

ಅವನಿಗೆ ಭೂಮಿ ಸಿಗಲಿಲ್ಲ ಅಂತಲ್ಲ. ಬೂತುಗನೂ ಅವನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟ. ಬಾಳ್ ಅಂದರೆ ಕತ್ತಿ. ಯುದ್ಧ ಮುಗಿಸಿ ಬಂದ ವೀರನ ಕತ್ತಿ ತೊಳೆದು ಕೊಡುವ ದತ್ತಿಗೆ ಬಾಳ್ಗಚ್ಚು ಅಂತ ಹೆಸರು. ಎಂಥ ಚೆಂದದ ಪದ ಅಲ್ವಾ? ಅಂದರೆ ಭೂಮಿ ಒಡೆಯ ಕೊಟ್ಟದ್ದು, ನಾಯಿ ಇವನೇ ಬಾಯಿಬಿಟ್ಟು ಕೇಳಿದ್ದು. ಈ ವ್ಯತ್ಯಾಸ ನನಗೆ ಮುಖ್ಯ ಅನ್ನಿಸುತ್ತೆ. ಕೇಳಿ ತಂದದ್ದಕ್ಕೆ ನಾವೇ ಹೊಣೆ.

ತಕ್ಕೋಲದಿಂದ ಆತಕೂರಿಗೆ ಸುಮಾರು ಮುನ್ನೂರು ಕಿಲೋಮೀಟರ್. ಇವತ್ತು ಕಾರಿನಲ್ಲಿ ಒಂದು ಹಗಲಿನ ದಾರಿ. ಅವತ್ತು ದಂಡಿನ ಜೊತೆ, ಬಿಸಿಲಲ್ಲಿ, ನದಿ ದಾಟಿಕೊಂಡು ಬರಬೇಕಿತ್ತು. ಆ ದಾರಿಯ ಬಗ್ಗೆ ಕಲ್ಲು ಒಂದಕ್ಷರವೂ ಹೇಳುವುದಿಲ್ಲ. ಆದರೆ ನಾಯಿ ಸಾಕಿದವರಿಗೆ ಉಳಿದದ್ದು ತಾನಾಗಿಯೇ ಕಾಣುತ್ತದೆ. ಹಳೆಯ ಒಡೆಯನ ವಾಸನೆ ಬಿಟ್ಟು ಹೊಸಬನ ಹಿಂದೆ ಬರಬೇಕು. ಹೊಸ ಊರು, ಹೊಸ ಹಟ್ಟಿ, ಹೊಸ ಕೂಳು. ಮೊದಲ ಕೆಲವು ರಾತ್ರಿ ಮರಿಯೇ ಆಗಲಿ ಬೆಳೆದ ನಾಯಿಯೇ ಆಗಲಿ ಊಳಿಡುತ್ತದೆ, ಉಣ್ಣುವುದಿಲ್ಲ, ಬಾಗಿಲ ಕಡೆ ನೋಡುತ್ತಾ ಮಲಗುತ್ತದೆ. ಅರಮನೆಯ ನಾಯಿ ಆದರೇನು, ನಾಯಿ ನಾಯಿಯೇ ತಾನೇ?

ಕಾಳಿ ಹೊಸ ಊರಿನಲ್ಲಿ ಹೆಚ್ಚು ದಿನ ಬಾಳಲಿಲ್ಲ. ಯುದ್ಧಕ್ಕೂ ಕಲ್ಲಿಗೂ ನಡುವೆ ಇರುವ ಕಾಲ ಬಹಳ ಕಡಿಮೆ. ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನಲ್ಲಿ ಒಂದು ಮೊರಡಿ. ಮೊರಡಿ ಅಂದರೆ ಕಲ್ಲುಗುಡ್ಡ, ನಮ್ಮ ಕಡೆ ಈಗಲೂ ಮರಡಿ ಅನ್ನುತ್ತೇವೆ. ಅಲ್ಲಿ ಒಂದು ಭಾರಿ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ 'ಒಡಸತ್ತವು' ಅನ್ನುತ್ತದೆ ಶಾಸನ, ಅಂದರೆ ಒಟ್ಟಿಗೇ ಸತ್ತವು. ಅಷ್ಟೇ. ವರ್ಣನೆ ಇಲ್ಲ, ಅಳು ಇಲ್ಲ. ಆ ಒಂದು ಪದವೇ ಸಾಕು.

ಕಾಡುಹಂದಿ ಅಂದರೆ ಏನು ಅಂತ ಕಬ್ಬಿನ ಗದ್ದೆ ಇರುವವರನ್ನು ಕೇಳಿ. ನೂರು ಕೆ.ಜಿ. ಮೀರಿ ಬೆಳೆಯುವ ಪ್ರಾಣಿ, ಕೆಳಗಿನ ಕೋರೆ ಕತ್ತಿಯ ಹಾಗೆ. ತಲೆ ಬಗ್ಗಿಸಿ ನುಗ್ಗಿ ಮೇಲಕ್ಕೆ ಎತ್ತಿ ಸೀಳಿದರೆ ನಾಯಿಯ ಹೊಟ್ಟೆ ಹೊರಗೆ. ಅದಕ್ಕೇ ಹಂದಿ ಬೇಟೆಗೆ ಸಾಮಾನ್ಯವಾಗಿ ನಾಯಿಗಳ ಹಿಂಡನ್ನೇ ಬಿಡುತ್ತಿದ್ದರು. ಒಂಟಿ ನಾಯಿ ಒಂದು ದೊಡ್ಡ ಹಂದಿಯನ್ನು ಕೊಂದು ತಾನೂ ಸತ್ತಿತು ಅಂದರೆ ಅದು ಎಂಥ ನಾಯಿ ಇರಬೇಕು ಊಹಿಸಿಕೊಳ್ಳಿ. ಮುಧೋಳದ ಪೂರ್ವಜನೋ ಇನ್ಯಾವುದೋ, ಕಲ್ಲು ಜಾತಿ ಹೇಳಿಲ್ಲ. ಹೆಸರು ಹೇಳಿದೆ. ಅದೇ ಸರಿ ಅನ್ನಿಸುತ್ತದೆ ನನಗೆ. ನಾವೀಗ ಜಾತಿಯನ್ನು ಮೊದಲು ಹೇಳಿ ಹೆಸರನ್ನು ಆಮೇಲೆ ಹೇಳುತ್ತೇವೆ.

ಮುಂದಿನದು ಇನ್ನೂ ಚೆನ್ನಾಗಿದೆ. ಸತ್ತ ನಾಯಿಗಾಗಿ ಚಲ್ಲೇಶ್ವರನ ಮುಂದೆ ಕಲ್ಲು ನೆಡಿಸಿದರು. ಊರ ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಭೂಮಿ ಬಿಟ್ಟರು. ಎರಡು ಕಂಡುಗ ಬಿತ್ತನೆ ಹಿಡಿಯುವ ಗದ್ದೆ ಅಂತ. ಕಂಡುಗಕ್ಕೆ ಇಪ್ಪತ್ತು ಕೊಳಗ. ಕೆರೆ ಕೆಳಗಿನ ನೀರಾವರಿ ಜಮೀನು ಅಂದರೆ ಇವತ್ತಿಗೂ ನಮ್ಮಲ್ಲಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವ ವಸ್ತು. ಅದನ್ನು ನಾಯಿಯ ಹೆಸರಿಗೆ ಬಿಟ್ಟರು!

ಭೂಮಿ ಬಿಟ್ಟ ಮೇಲೆ ಶಾಪ ಬೇಕಲ್ಲ. ಬೇರೆ ಶಾಸನಗಳಲ್ಲಿ ಇದನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಅಂತೆಲ್ಲ ಇರುತ್ತದೆ. ಇಲ್ಲಿ ಹಾಗಿಲ್ಲ. ಈ ಮಣ್ಣನ್ನು ಅಳಿದವನಿಗೆ ಆ ನಾಯಿ ಮಾಡಿದ ಪಾಪ ತಟ್ಟುತ್ತದೆ. ದೇವಸ್ಥಾನ ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ನಾಯಿ ಮಾಡಿದ ಪಾಪ.

ನಾಯಿ ಮಾಡಿದ ಪಾಪ ಯಾವುದು? ಜೀವಮಾನವಿಡೀ ಬೇಟೆಯಾಡಿದ ನಾಯಿ. ಎಷ್ಟು ಹಂದಿ, ಎಷ್ಟು ಜಿಂಕೆ ಕೊಂದಿತೋ. ಆದರೆ ಕೊಂದದ್ದು ತನಗಾಗಿ ಅಲ್ಲ, ಬಿಟ್ಟವನಿಗಾಗಿ. ನಾನು ಅರ್ಥ ಮಾಡಿಕೊಳ್ಳುವುದು ಹೀಗೆ: ನಾಯಿಯ ಋಣ ತೀರಿಸದಿದ್ದರೆ ಅದು ನಿನಗಾಗಿ ಮಾಡಿದ ಕೊಲೆಗಳ ಲೆಕ್ಕ ನಿನ್ನ ತಲೆ ಮೇಲೆ. ಸಾಕಿದವನು ತಪ್ಪಿಸಿಕೊಳ್ಳುವ ಹಾಗಿಲ್ಲ. ಜೊತೆಗೆ ಊಟಕ್ಕೆ ಮೊದಲು ಪೂಜೆ ಅನ್ನುವ ಷರತ್ತು. ನಮ್ಮ ಕಡೆ ಅಜ್ಜಿಯಂದಿರು ಹೇಳುವ ಮಾತಿದೆಯಲ್ಲ, 'ನಾಯಿ ತತ್ತೀನಿ ಅಂದ್ರೆ ದಿನಾ ಒಂದು ಮುದ್ದೆ ಜಾಸ್ತಿ ತಿರುವ್ಬೇಕು ಕಣ್ಲಾ, ಮೊದ್ಲು ಅದ್ಕಿಕ್ಕಿ ಆಮೇಲೆ ನೀನುಣ್ಣು' ಅಂತ. ಅದೇ ಮಾತು, ಹಳಗನ್ನಡದಲ್ಲಿ.

ಈ ಕಲ್ಲು ಉಳಿದದ್ದೂ ಒಂದು ಪವಾಡ. ತಕ್ಕೋಲ ಆಗಿ ಐವತ್ತು ಅರವತ್ತು ವರ್ಷದೊಳಗೆ ಚೋಳರು ತಿರುಗಿ ಬಂದರು. ಕ್ರಿ.ಶ. 1004ರ ಹೊತ್ತಿಗೆ ಗಂಗರ ತಲಕಾಡು ಅವರ ಕೈಸೇರಿತು. ತಲಕಾಡು ಅಂದರೆ ಮಳವಳ್ಳಿಯಿಂದ ಕೂಗಳತೆ ಅನ್ನಬಹುದಾದ ದೂರ. ಹೊಯ್ಸಳ ವಿಷ್ಣುವರ್ಧನ 1116ರ ಸುಮಾರಿಗೆ ಅವರನ್ನು ಓಡಿಸುವ ತನಕ ಈ ಸೀಮೆ ಚೋಳರದ್ದೇ. ಅವರ ಯುವರಾಜನನ್ನು ಇರಿದು ಕೊಂದೆವು ಅಂತ ಜಂಬ ಕೊಚ್ಚಿದ ಕಲ್ಲು ಅವರದೇ ಆಳ್ವಿಕೆಯಲ್ಲಿ ನೂರು ವರ್ಷ ನಿಂತಿತು. ಯಾರೂ ಒಡೆದು ಹಾಕಲಿಲ್ಲ. ಊರವರಿಗೆ ಅದು ಯುದ್ಧದ ಕಲ್ಲಾಗಿರಲಿಲ್ಲ, ನಾಯಿಯ ಕಲ್ಲಾಗಿತ್ತು, ಅದಕ್ಕೇ ಉಳಿಯಿತು ಅಂತ ನನ್ನ ಊಹೆ.

ನಾಯಿಗೆ ಕಲ್ಲು ನೆಟ್ಟವರು ನಾವೊಬ್ಬರೇ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಅಂದರೆ ಏಳನೇ ಶತಮಾನದ ವೀರಗಲ್ಲು ಇದೆ. ಒಡೆಯ ಸತ್ತು ಬಿದ್ದಾಗ ಕಳ್ಳರನ್ನು ಕಚ್ಚಿ ಕಾವಲು ನಿಂತ ಕೋವಿವನ್ ಅನ್ನುವ ನಾಯಿಯ ಹೆಸರು ಅದರಲ್ಲಿದೆ. ಮದ್ದೂರಿನಿಂದ ಬೆಂಗಳೂರಿನ ಕಡೆ ಹೋದರೆ ಸಿಗುವ ಚನ್ನಪಟ್ಟಣದ ಬಳಿ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಈಗಿನ ಕಾಲದವರೇ ಕಟ್ಟಿಸಿದ ನಾಯಿ ಗುಡಿ ಇದೆ. ಆದಿಚುಂಚನಗಿರಿಯ ಕಾಲಭೈರವನಿಗೆ ನಾಯಿಯೇ ವಾಹನ. ಬೈಗುಳದಲ್ಲಿ ನಾಯಿ ಕೀಳು, ಪೂಜೆಯಲ್ಲಿ ಮೇಲು. ನಾವು ಹೀಗೇ :-)

ಇಷ್ಟೆಲ್ಲ ಬರೆದದ್ದಕ್ಕೆ ಕಾರಣ ಇದೆ. ನಮ್ಮ ಹೆದ್ದಾರಿ ಪಕ್ಕ, ಮಾರುಕಟ್ಟೆ ಹತ್ತಿರ, ಕೊರಳಲ್ಲಿ ಹಳೇ ಪಟ್ಟಿ ಇನ್ನೂ ಇರುವ ದೊಡ್ಡ ಜಾತಿಯ ನಾಯಿಗಳು ಎಲುಬು ಕಾಣುವಂತಾಗಿ ಅಲೆಯುವುದನ್ನು ನೋಡುತ್ತಿದ್ದೇನೆ. ಮರಿಯಾಗಿದ್ದಾಗ ಮುದ್ದು. ಒಂದು ವರ್ಷಕ್ಕೆ ಮೂವತ್ತು ನಲವತ್ತು ಕೆ.ಜಿ. ಆದಾಗ ಊಟ ಹೊರೆ, ಮನೆ ಚಿಕ್ಕದು, ಮಗು ಹೆದರುತ್ತೆ. ಒಂದು ರಾತ್ರಿ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟು ಬರುತ್ತಾರೆ. ಅದು ಅಲ್ಲೇ, ಬಿಟ್ಟ ಜಾಗದಲ್ಲೇ, ದಾರಿ ನೋಡುತ್ತಾ ಕೂತಿರುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಅಂತ 2017ರ ಕೇಂದ್ರದ ನಿಯಮ ಹೇಳುತ್ತದೆ. ತಂದವನು ಅದನ್ನು ಎಷ್ಟು ವರ್ಷ ಸಾಕಬೇಕು ಅಂತ ಯಾವ ನಿಯಮವೂ ಹೇಳುವುದಿಲ್ಲ. ದೊಡ್ಡ ಜಾತಿಯ ನಾಯಿ ಹತ್ತು ವರ್ಷದ ಹತ್ತಿರ ಬದುಕುತ್ತದೆ. ಮರಿಗೆ ದುಡ್ಡು ಕೊಡುವ ಮೊದಲು ಆ ಹತ್ತು ವರ್ಷದ ಮುದ್ದೆ ಲೆಕ್ಕ ಹಾಕಬೇಕು.

ಮಣಲೆರ ಕಾಳಿಯನ್ನು ಹಂದಿಯ ಮೇಲೆ ಬಿಟ್ಟದ್ದು ಸರಿಯೋ ತಪ್ಪೋ, ಅದು ಆ ಕಾಲದ ಮಾತು. ಆದರೆ ಸತ್ತ ಮೇಲೆ ಕೈತೊಳೆದುಕೊಂಡು ಹೋಗಲಿಲ್ಲ. ಹೆಸರು ಬರೆಸಿದ, ಗದ್ದೆ ಬಿಟ್ಟ, ತಾನು ಸತ್ತ ಮೇಲೂ ಯಾರಾದರೂ ಅದನ್ನು ನೆನೆಯದೆ ಉಣ್ಣಬಾರದು ಅಂತ ಕಟ್ಟಳೆ ಮಾಡಿದ.

ನಿಮ್ಮೂರ ಕೆರೆ ಏರಿ ಮೇಲೋ, ಗುಡಿ ಹಿಂದೋ ನಾಯಿ ಇರುವ ಕಲ್ಲೇನಾದರೂ ಇದ್ದರೆ ತಿಳಿಸಿ. ಒಂದು ಭಾನುವಾರ ಬಂದು ನೋಡುತ್ತೇನೆ. ಬೆಂಗಳೂರಿನಲ್ಲಿ ಇರುವವರು ಒಮ್ಮೆ ಕಾಳಿಯನ್ನು ನೋಡಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಅವರಿಗೆ ತಕ್ಕೋಲ ಯುದ್ಧ ಬೇಡ, ನಾಯಿಯ ಹೆಸರು ಹೇಳಿ ಸಾಕು.