ಒಂಟಿತನ ಮತ್ತು ಪ್ರಾರ್ಥನೆ: ಹರಪನಹಳ್ಳಿ ಭೀಮವ್ವನವರನ್ನು ಕುರಿತು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿವೆ. ಮದ್ರಾಸ್ ಪ್ರೆಸಿಡೆನ್ಸಿಯ ಕಾಲದಲ್ಲಿ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗವಾಗಿದ್ದವು. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ದೇವರ ಸಾಂತ್ವನವನ್ನು ಅರಸಿದವರು ಯಾರೆಂದು ಕೇಳಿದರೆ ನಮ್ಮ ಗುರುಮಠಗಳಲ್ಲಿ ಮಿಷನರಿಗಳ ಹೆಸರೇ ಮೊದಲು ಬರುತ್ತದೆ. ನಾವಿಲ್ಲಿ ಒಬ್ಬ ಹರಿದಾಸಿಯಿಂದ ಆರಂಭಿಸುತ್ತೇವೆ.

ಹರಪನಹಳ್ಳಿ ಭೀಮವ್ವನವರು (1823–1903) ಬಾಲ್ಯದಲ್ಲಿಯೇ, ತಮಗಿಂತ ಬಹಳ ಹಿರಿಯರಾದವರನ್ನು ಮದುವೆಯಾಗಿ ಹರಪನಹಳ್ಳಿಗೆ ಬಂದರು, ಮುಂದೆ ವಿಧವೆಯಾದರು. ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಅವರು ರಚಿಸಿದ ಹಾಡುಗಳು ಹೆಣ್ಣುಮಕ್ಕಳ ಬಾಯಿಂದ ಬಾಯಿಗೆ ಉಳಿದು ಬಂದವು. ‘ನಳಚರಿತ್ರೆ’, ‘ಸುಭದ್ರಾ ಕಲ್ಯಾಣ’, ‘ಮುಯ್ಯದ ಹಾಡು’ ಅವರ ಕಥನಗೀತೆಗಳು. ಈ ಕೊನೆಯದರ ಬಳಿ ನಾವು ತುಸು ನಿಲ್ಲಬೇಕು. ದ್ರೌಪದಿ ಮತ್ತು ಸುಭದ್ರೆ ಮುಯ್ಯಿ ತೆಗೆದುಕೊಂಡು ದ್ವಾರಕೆಗೆ ಬರುತ್ತಾರೆ. ಕೃಷ್ಣನ ಮಡದಿಯರೊಡನೆ ಕೊಂಕು, ನಗೆ, ಮೇಲಾಟ ನಡೆಯುತ್ತದೆ. ವಿಧವೆಯನ್ನು ಶುಭಕಾರ್ಯಗಳಿಂದ ದೂರವಿಡುತ್ತಿದ್ದ ಸಮಾಜದಲ್ಲಿ, ವೈಧವ್ಯವನ್ನು ಬಲ್ಲ ಹೆಣ್ಣೊಬ್ಬಳ ಪದಗಳು ಬೀಗರ ಸಂಭ್ರಮವನ್ನು ಕಟ್ಟಿಕೊಟ್ಟವು. ದೇವರು ಆಕೆಗೆ ಮನೆಯ ನಂಟನಾಗಿದ್ದನು. ಒಂಟಿತನ ತೀರಿತೆಂದು ನಾವು ಹೇಳಲಾರೆವು. ಆದರೆ ಆ ಒಂಟಿತನದಲ್ಲಿ ಕರೆದು ಮಾತನಾಡಿಸಲು ಒಬ್ಬನಿದ್ದನು.

1876ರಿಂದ 1878ರವರೆಗಿನ ಧಾತು–ಈಶ್ವರ ಸಂವತ್ಸರಗಳ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ಹಿಂಡಿದಾಗ ಅವರಿಗೆ ಐವತ್ತು ದಾಟಿತ್ತು.

ಇದೇ ಜಿಲ್ಲೆಗೆ 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದಿದ್ದರು. ಕೇರಿಯವರ ಕನ್ನಡ ವ್ಯಾಕರಣ ಅಚ್ಚಾದದ್ದು 1817ರಲ್ಲಿ. ಅಂದರೆ ಹ್ಯಾಂಡ್ಸ್ ಅಂಥ ನೆರವಿಲ್ಲದೆಯೇ ಪರಭಾಷೆಯ ನಡುವೆ ಕುಳಿತು ಕಲಿತರು. 1831ರಲ್ಲಿ ಕನ್ನಡ ಬೈಬಲ್ ಪೂರ್ಣಗೊಂಡಾಗ ಭೀಮವ್ವ ಎಂಟು ವರ್ಷದ ಬಾಲೆ. ಹೀಗೆ ಕೀರ್ತನೆಗಳ ಗ್ರಂಥವೂ ಈಕೆಯ ಹಾಡುಗಳೂ ಒಂದೇ ಜಿಲ್ಲೆಯಲ್ಲಿ, ಒಂದೇ ಶತಮಾನದಲ್ಲಿ ಕನ್ನಡವನ್ನು ಪಡೆದವು.

ಭೀಮವ್ವನವರನ್ನು ‘ಅನಾಮಧೇಯ ಕ್ರೈಸ್ತ’ಳೆಂದು ಕರೆದು ನಮ್ಮ ಪಂಕ್ತಿಗೆ ಸೇರಿಸಿಕೊಳ್ಳುವುದು ನಮಗೆ ಸಮ್ಮತವಲ್ಲ. ಆಕೆಯ ದೈವ ಕೃಷ್ಣನೇ. ಇತರ ಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸಾರಿದ್ದು ಇಂಥ ಸ್ವಾಧೀನಕ್ಕಾಗಿ ಅಲ್ಲ. ಆದರೂ ಲೂಕನ ಶುಭಸಂದೇಶದಲ್ಲಿ ಪ್ರವಾದಿನಿ ಅನ್ನಾಳ ಪ್ರಸಂಗವನ್ನು (2:36–38) ಬೋಧಿಸುವಾಗಲೆಲ್ಲ ನಮಗೆ ಹರಪನಹಳ್ಳಿ ನೆನಪಾಗುತ್ತದೆ. ಏಳು ವರ್ಷದ ದಾಂಪತ್ಯ. ಆಮೇಲೆ ಮುಪ್ಪಿನವರೆಗೂ ವೈಧವ್ಯ, ದೇವಾಲಯ, ಪ್ರಾರ್ಥನೆ. ಲೂಕನು ಆಕೆಯ ದುಃಖವನ್ನು ವರ್ಣಿಸುವುದಿಲ್ಲ. ವರ್ಷಗಳನ್ನು ಮಾತ್ರ ಎಣಿಸುತ್ತಾನೆ.

ಹಳ್ಳಿಗಳ ಪಾಲನಾಸೇವೆಯಲ್ಲಿ ನಾವು ಸಾವಿನ ಮನೆಗೆ ಹೋಗುತ್ತೇವೆ, ಪುನರುತ್ಥಾನದ ವಾಕ್ಯವನ್ನು ಓದುತ್ತೇವೆ, ಮುಂದಿನ ಊರಿಗೆ ಹೊರಡುತ್ತೇವೆ. ಮೂಲೆಯಲ್ಲಿ ಕುಳಿತ ವಿಧವೆಗೆ ಆ ವಾಕ್ಯ ಸುಳ್ಳಲ್ಲ, ತುಸು ಅವಸರದ್ದು. 88ನೆಯ ಕೀರ್ತನೆ ಮಾತ್ರ ಅವಸರಪಡುವುದಿಲ್ಲ: ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಆದರೂ ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ದೇವರೊಡನೆಯೇ ಮಾತನಾಡುತ್ತದೆ. ಪ್ರತಿ ಶುಕ್ರವಾರ ಮಲಗುವ ಮುನ್ನ, ರಾತ್ರಿಯ ಪ್ರಾರ್ಥನೆಯಲ್ಲಿ, ನಾವು ಗುರುಗಳು ಅದನ್ನು ಒಬ್ಬೊಬ್ಬರೇ ಹೇಳಿಕೊಳ್ಳುತ್ತೇವೆ. ಆ ವಿಧವೆಯ ಪಕ್ಕದಲ್ಲಿ ಕುಳಿತು ನಾವು ಅದನ್ನು ಓದಿದ್ದು ಬಹಳ ಅಪರೂಪ.