ಕುಮಟಾ ಹತ್ತಿಯ ಹಿಂದೆ ಸೈಕಲ್ ತುಳಿದದ್ದು

ರಾಮದುರ್ಗದ ನಮ್ಮ ಮನೆಯಲ್ಲಿ ಅಜ್ಜ ಹತ್ತಿಯ ಮಾತು ತೆಗೆದರೆ 'ಕುಮಟಾ ಹತ್ತಿ' ಬಂದೇ ಬರುತ್ತದೆ. ಚಿಕ್ಕವನಿದ್ದಾಗ ಅದು ಕುಮಟೆಯಲ್ಲೇ ಬೆಳೆಯುತ್ತದೆ ಅಂದುಕೊಂಡಿದ್ದೆ. ಇಂಜಿನಿಯರಿಂಗ್ ಓದುವಾಗ ಗೆಳೆಯರ ಜೊತೆ ಹೋಗಿ ನೋಡಿದರೆ ತೆಂಗು, ಅಡಿಕೆ, ಭತ್ತದ ಗದ್ದೆ... ಹತ್ತಿಯ ಒಂದು ಗಿಡವೂ ಇಲ್ಲ!

ಆಮೇಲೆ ಓದಿದಾಗ ಗೊತ್ತಾಯಿತು. ಅದು ಬೆಳೆಯುತ್ತಿದ್ದದ್ದು ಧಾರವಾಡ ಸೀಮೆಯ, ನಮ್ಮ ಕಡೆಯ ಎರೆಹೊಲದಲ್ಲಿ. ಘಟ್ಟ ಇಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ದೂರದ ವ್ಯಾಪಾರಿಗಳಿಗೆ ಕಂಡದ್ದು ಬಂದರು, ಅದೇ ಹೆಸರಾಯಿತು. ಬೆಳೆದವನ ಊರು ಯಾರಿಗೆ ಬೇಕು?

ಹೋದ ಜುಲೈನಲ್ಲಿ ಹತ್ತಿ ಹೋದ ದಿಕ್ಕಿಗೇ ಸೈಕಲ್ ತುಳಿಯೋಣ ಅಂತ ಹೊರಟೆ. ಸುರೇಬಾನ (೧೮೫೮ರಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ಮ್ಯಾನ್ಸನ್ನನನ್ನು ಕೊಂದ ಊರು, ಆ ಕಥೆ ಇನ್ನೊಮ್ಮೆ), ನರಗುಂದ, ಹುಬ್ಬಳ್ಳಿ, ಮುಂಡಗೋಡ, ಶಿರಸಿ, ದೇವಿಮನೆ ಘಟ್ಟ, ಕುಮಟಾ. ಮೂರು ದಿನದ ದಾರಿ. "ಮಳಿಗಾಲದಾಗ ಆ ಕಡೆ ಯಾರರ ಹೊಂಟಾರೇನೋ ತಮ್ಮಾ?" ಅಂದ ಅಜ್ಜ. ದೀಪದ ಬತ್ತಿಗೆ ಅಂತ ಆಯಿ ಎತ್ತಿಟ್ಟಿದ್ದ ಜವಾರಿ ಹತ್ತಿಯಲ್ಲಿ ಒಂದು ಹಿಡಿ ಇಸಿದುಕೊಂಡು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ.

ಮೊದಲ ದಿನ ಮಳೆಯಿಲ್ಲ, ಬರೀ ಗಾಳಿ. ಪಡುವಣ ಗಾಳಿ ಎದೆಗೇ ಬಡಿಯುತ್ತಿತ್ತು. ಎಷ್ಟು ತುಳಿದರೂ ನವಲಗುಂದ ಹತ್ತಿರ ಬರಲೊಲ್ಲದು. ಆಗ ನೆನಪಾದವರು ಇದೇ ದಿಕ್ಕಿಗೆ ಹತ್ತಿ ಹೇರಿಕೊಂಡು ಹೋದ ಎತ್ತುಗಳು, ಬಂಡಿಯವರು.

೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಲಿಂಕನ್ ಸರ್ಕಾರ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ಸಾಲದಾಗಿ ನಮ್ಮ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಆದರೆ ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಕರಾವಳಿ ಮದರಾಸು ಪ್ರಾಂತ್ಯದಲ್ಲಿ! ೧೮೬೨ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಿದ್ದರ ಹಿಂದೆ ಈ ಹತ್ತಿ ಸಾಗಣೆಯ, ಕಾರವಾರ ಬಂದರಿನ ಲೆಕ್ಕಾಚಾರವಿತ್ತು. ೧೮೬೫ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಜಿಲ್ಲೆ ಮಾತ್ರ ೧೯೫೬ರವರೆಗೂ ಮುಂಬಯಿಯಲ್ಲೇ ಉಳಿಯಿತು.

ಶಿರಸಿ ದಾಟಿದ ಮೇಲೆ ಮಳೆ ಬಿಡಲೇ ಇಲ್ಲ. ದೇವಿಮನೆ ಘಟ್ಟದಲ್ಲಿ ಮಂಜು, ರಸ್ತೆಯ ಮೇಲೇ ಹರಿಯುವ ಝರಿ. ಒದ್ದೆಯಾದ ಬ್ರೇಕು ಹಿಡಿಯದೆ ಅರ್ಧ ಘಟ್ಟ ಸೈಕಲ್ ನೂಕಿಕೊಂಡೇ ಇಳಿದೆ. ಅಜ್ಜ ಕೇಳಿದ್ದರ ಅರ್ಥ ಆಗ ಆಯಿತು. ಇದು ಹಿಂಗಾರಿನ ಬೆಳೆ, ಬಿಡಿಸುವ ಹೊತ್ತಿಗೆ ಬೇಸಿಗೆ ಬಂದಿರುತ್ತದೆ. ಜೂನ್ ಬಂದರೆ ಕಡಲು ಮುಚ್ಚುತ್ತಿತ್ತು, ಹಾಯಿಹಡಗು ಹೊರಡುತ್ತಿರಲಿಲ್ಲ. ಬಿಡಿಸಿ, ಬೀಜ ತೆಗೆದು, ಹೇರಿ, ಘಟ್ಟ ಇಳಿಸಲು ಸಿಗುತ್ತಿದ್ದದ್ದು ಆ ನಡುವಿನ ಕೆಲವೇ ವಾರ. ನಮ್ಮ ಆಫೀಸಿನ ಡೆಡ್‌ಲೈನ್ ಮುಂದೆ ಹೋಗುತ್ತದೆ, ಮುಂಗಾರು ಮುಂದೆ ಹೋಗೆಂದರೆ ಹೋಗುತ್ತದೆಯೇ? :-)

ಕುಮಟೆಯ ಹೆಡ್ ಬಂದರಿನಲ್ಲಿ ನಿಂತಾಗ ಗಾಳಿಗೆ ಸೈಕಲ್ಲೇ ಉರುಳಿ ಬಿತ್ತು. ಹತ್ತಿಯ ಗುರುತು ಎಲ್ಲೂ ಇಲ್ಲ. ೧೮೮೦ರ ದಶಕದ ಕೊನೆಗೆ ಕ್ಯಾಸಲ್‌ರಾಕ್ ಮೇಲೆ ಮರ್ಮಗೋವಾ ಬಂದರಿಗೆ ರೈಲು ಓಡಿದ ಮೇಲೆ ಹತ್ತಿ ಆ ದಾರಿ ಹಿಡಿಯಿತು. ಕುಮಟೆಗೆ ಕೊಂಕಣ ರೈಲು ಬಂದದ್ದು ಅದಾಗಿ ನೂರು ವರ್ಷದ ಮೇಲೆ. ೨೦೦೨ರಲ್ಲಿ ದೇಶಕ್ಕೆ ಬಿಟಿ ಹತ್ತಿ ಬಂತು. ಈಗ ನಮ್ಮ ಹೊಲದಲ್ಲಿ ಜವಾರಿ ಉಳಿದಿರುವುದು ಆಯಿಯ ಬತ್ತಿಗೆ ಸಾಲುವಷ್ಟೇ.

ಬ್ಯಾಗು ತೆರೆದು ನೋಡಿದೆ. ಎರಡು ಚೀಲ ಸುತ್ತಿದ್ದರೂ ಹತ್ತಿ ತೊಯ್ದು ಮುದ್ದೆಯಾಗಿತ್ತು.

ಊರಿಗೆ ಬಂದು ಅಜ್ಜನ ಕೈಗೆ ಕೊಟ್ಟೆ. ಬೆರಳಲ್ಲಿ ಹಿಸುಕಿ ನೋಡಿ, "ತೊಯ್ದ ಹತ್ತಿ ಯಾರ ತಗೋತಾರೋ?" ಅಂದು ನಕ್ಕ. ನನಗೆ ನಗು ಬರಲಿಲ್ಲ. ವರ್ಷದ ದುಡಿತವನ್ನೆಲ್ಲ ಬಂಡಿಗೆ ಹೇರಿ ಹೋದವನಿಗೆ ಮೊದಲ ಮಳೆ ಘಟ್ಟದ ಮೇಲೇ ಸಿಕ್ಕಿದ್ದರೆ, ಅವನೂ ಇದೇ ಮಾತು ಕೇಳಿರಬೇಕು. ಆಯಿ ಮಾತ್ರ ಅದನ್ನು ಬಿಸಿಲಿಗೆ ಹರವಿ, ಒಣಗಿಸಿ, ಬತ್ತಿ ಹೊಸೆದಳು.

ನಿಮ್ಮ ಕಡೆಯೂ ಹೀಗೆ ಬೇರೆ ಊರಿನ ಹೆಸರು ಹೊತ್ತ ಬೆಳೆ ಇದೆಯೇ? ಇದ್ದರೆ ಬರೆಯಿರಿ.